ಅಜ್ಜಯ್ಯ ಕೆರೆದ ತುಕ್ಕು

ವಿಮಾನ ನಿಲ್ದಾಣ

ಕ್ವಾಲಾಲಂಪುರದ ವಿಮಾನ ನಿಲ್ದಾಣದಲ್ಲಿ ನನ್ನ ಚೀಲವನ್ನು ತೆರೆಸಿದ್ದು ಹಲಸಿನ ಹಪ್ಪಳ. ಎಕ್ಸ್-ರೇ ಪರದೆಯ ಮೇಲೆ ಆ ಕಟ್ಟು ಯಾವುದೋ ಯಂತ್ರದ ಬಿಡಿಭಾಗದಂತೆ ಕಂಡಿರಬೇಕು. ತಲೆವಸ್ತ್ರ ಬಿಗಿದಿದ್ದ ಅಧಿಕಾರಿಣಿ ಒಂದು ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿದಳು, ಮೂಸಿದಳು, ನಕ್ಕು ಒಳಗಿಟ್ಟಳು. ಅದರ ಕೆಳಗಿದ್ದ ಪುಸ್ತಕವನ್ನು ಮಾತ್ರ ಕೈಯಲ್ಲೇ ಉಳಿಸಿಕೊಂಡಳು. ನೀಲಿ ರಟ್ಟಿನ, ಪಾಸ್‌ಪೋರ್ಟಿಗಿಂತ ತುಸು ದೊಡ್ಡ ಪುಸ್ತಕ. ಮೊದಲ ಪುಟದಲ್ಲಿ ಮೀಸೆ ಹೊತ್ತ ಗಂಡಸೊಬ್ಬನ ಕಪ್ಪುಬಿಳುಪು ಭಾವಚಿತ್ರ.

‘ಇವರು ನಿಮ್ಮ ಜೊತೆ ಬಂದಿದ್ದಾರಾ?’ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

‘ಇಲ್ಲ. ನನ್ನ ಅಜ್ಜ. ತೀರಿಕೊಂಡು ಹದಿನಾಲ್ಕು ವರ್ಷವಾಯಿತು.’

ಅವಳು ಪುಸ್ತಕವನ್ನು ಮುಚ್ಚಿ, ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಬಲ ಮೊಣಕೈಗೆ ಆನಿಸಿ ನನಗೆ ಕೊಟ್ಟಳು. ಅಲ್ಲಿನವರು ಗೌರವದ ವಸ್ತುವನ್ನು ಕೊಡುವುದು ಹಾಗೆ ಎಂದು ಆಮೇಲೆ ತಿಳಿಯಿತು. ನಮ್ಮ ಮನೆಯಲ್ಲಿ ಆ ಪುಸ್ತಕವನ್ನು ಯಾರೂ ಯಾರಿಗೂ ಹಾಗೆ ಕೊಟ್ಟದ್ದಿಲ್ಲ. ಅದು ಟ್ರಂಕಿನ ತಳದಲ್ಲಿ, ಹಳೆಯ ಪಂಚೆಗಳ ಕೆಳಗೆ ಇತ್ತು.

ಅದು ಹಡಗಿನಲ್ಲಿ ದುಡಿಯುವವರ ಪುಸ್ತಕ. ಪ್ರತಿ ಪಯಣ ಮುಗಿದಾಗ ಕ್ಯಾಪ್ಟನ್ ಅದರಲ್ಲಿ ಆ ಮನುಷ್ಯನ ಕೆಲಸ ಹೇಗಿತ್ತು, ನಡತೆ ಹೇಗಿತ್ತು ಎಂದು ಮುದ್ರೆ ಒತ್ತುತ್ತಾನೆ. ಅಜ್ಜಯ್ಯನ ಪುಸ್ತಕದಲ್ಲಿ ಪುಟದಿಂದ ಪುಟಕ್ಕೆ ‘ವೆರಿ ಗುಡ್’. ಕೊನೆಯ ಪಯಣದ ಎದುರು ಮಾತ್ರ ಮುದ್ರೆ ಬೇರೆ: ಈತನ ಬಗ್ಗೆ ವರದಿ ಮಾಡಲು ಕ್ಯಾಪ್ಟನ್ ಒಪ್ಪುವುದಿಲ್ಲ. ಕೆಟ್ಟವನೆಂದು ಬರೆದಿಲ್ಲ, ಒಳ್ಳೆಯವನೆಂದೂ ಬರೆದಿಲ್ಲ. ಹಡಗಿನ ಲೋಕದಲ್ಲಿ ಆ ಮೌನವೊಂದೇ ಸಾಕು. ಆಮೇಲೆ ಯಾವ ಹಡಗೂ ಅವನನ್ನು ಹತ್ತಿಸಿಕೊಳ್ಳುವುದಿಲ್ಲ.

ಪುಸ್ತಕದೊಳಗೆ ಒಂದು ಫೋಟೊ ಇತ್ತು. ಬಯಲಿನಲ್ಲಿ, ಸಿಮೆಂಟಿನ ಕಟ್ಟೆಯ ಮೇಲೆ, ಉದ್ದನೆಯ ಕಬ್ಬಿಣದ ಮೀನಿನಂಥ ಒಂದು ವಸ್ತು. ಅದರ ಪಕ್ಕದಲ್ಲಿ ಅಜ್ಜಯ್ಯ, ಮತ್ತೊಬ್ಬ ತರುಣ. ಅದು ಯುದ್ಧಕಾಲದ ಸಣ್ಣ ಸಬ್‌ಮರೀನ್, ಒಳಗೆ ಇಬ್ಬರಿಗಷ್ಟೇ ಜಾಗ, ಪೆಸಿಫಿಕ್ ಸಾಗರದ ಒಂದು ದ್ವೀಪದಲ್ಲಿ ಪ್ರದರ್ಶನಕ್ಕೆ ಇಟ್ಟದ್ದು ಎಂಬುದನ್ನು ಕಾಲೇಜಿನಲ್ಲಿದ್ದಾಗ ನಾನೇ ಹುಡುಕಿ ತಿಳಿದುಕೊಂಡಿದ್ದೆ. ದ್ವೀಪದ ಹೆಸರನ್ನು ಇಲ್ಲಿ ಬೇಕೆಂದೇ ಬರೆಯುತ್ತಿಲ್ಲ. ತರುಣ ಕ್ಯಾಮೆರಾ ನೋಡಿ ನಗುತ್ತಿದ್ದಾನೆ. ಅಜ್ಜಯ್ಯ ನೋಡುತ್ತಿಲ್ಲ. ಅವನ ಅಂಗೈ ಕಬ್ಬಿಣದ ಮೇಲಿದೆ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ.

ಗಂಗೊಳ್ಳಿಯ ನಮ್ಮ ಕೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆ ಇಷ್ಟೇ: ಟಿಂಡಾಲ ಶೀನ ಹಡಗಿನ ಬಣ್ಣ ಕದ್ದ, ಸಿಕ್ಕಿಬಿದ್ದ, ಮನೆಗೆ ಬಂದ. ಶೀನ ಎಂದರೆ ನನ್ನ ಅಜ್ಜಯ್ಯ; ಟಿಂಡಾಲ ಎಂದರೆ ಡೆಕ್ಕಿನ ಕೆಲಸಗಾರರ ಮೇಸ್ತ್ರಿ. ಊರಿಗೆ ಬಂದ ಮೇಲೆ ಅಜ್ಜಯ್ಯ ಸಾಯುವವರೆಗೂ ಬಂದರಿನಲ್ಲಿ ಮೀನುದೋಣಿಗಳಿಗೆ ಕೂಲಿಯ ಮೇಲೆ ಬಣ್ಣ ಬಳಿದ. ಆ ಬಗ್ಗೆ ಕುಹಕ ಆಡುವವರಿಗೆ ಅದೂ ಒಂದು ಅನುಕೂಲವಾಯಿತು. ಅಪ್ಪ ಈ ಸುದ್ದಿ ಬಂದರೆ ಈಗಲೂ ಎದ್ದು ಹೋಗುತ್ತಾರೆ.

ನಾನು ಕೊಲ್ಲಿ, ಕಡಲತೀರಗಳ ಉಪ್ಪುಗಾಳಿಗೆ ಕಬ್ಬಿಣ ಹಿಡಿಯುವ ತುಕ್ಕಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ. ಅದೇ ವಿಷಯದ ಸಮ್ಮೇಳನಕ್ಕೆ ಮಲೇಷ್ಯಾಕ್ಕೆ ಹೊರಟಿದ್ದೆ. ಅಜ್ಜಯ್ಯನ ಹೆಂಡತಿ, ನನ್ನ ಅಮ್ಮಮ್ಮ, ಟ್ರಂಕು ತೆಗೆಸಿ, ಪುಸ್ತಕದ ಜೊತೆ ಒಂದು ಹಳೆಯ ಕಾಗದವನ್ನೂ ಕೊಟ್ಟಳು. ಅಜ್ಜಯ್ಯ ತೀರಿಕೊಂಡ ವರ್ಷ ಮಲೇಷ್ಯಾದ ಕ್ಲಾಂಗಿನಿಂದ ಬಂದದ್ದು. ‘ಶೀನಣ್ಣ ಹೋದ ಸುದ್ದಿ ಕೇಳಿದೆ. ದೊಡ್ಡ ಮನುಷ್ಯ. ಮಂಜ’ ಎಂದಷ್ಟೇ ಇತ್ತು, ಕೆಳಗೆ ವಿಳಾಸ. ಫೋಟೊದಲ್ಲಿ ನಗುತ್ತಿರುವ ತರುಣ ಅವನೇ.

‘ಬಣ್ಣ ತೆಗದದ್ದ್ ಹೌದಂದ್ರ್ ನಿನ್ ಅಜ್ಜಯ್ಯ’ ಎಂದಳು ಅಮ್ಮಮ್ಮ. ‘ಎಂತಕ್ಕೆ ತೆಗದದ್ದ್ ಅಂದೇಳಿ ಸಾಯುವರಿಗೂ ಹೇಳ್ಲಿಲ್ಲೆ. ಆ ಬಣ್ಣ ಎಲ್ಲಿಗ್ ಹೋಯ್ತ್? ಅಷ್ಟ್ ಕೇಣ್ಕಂಡ್ ಬಾ. ನಂಗೆ ಬೇರೆಂತ ಬ್ಯಾಡ.’

ಅವಳಿಗೆ ಎಂಬತ್ತೆರಡು. ಅವಳು ಹಿಂದೆ ಎಂದೂ ನನ್ನನ್ನು ಏನನ್ನೂ ಕೇಳಿರಲಿಲ್ಲ.

ಮಾಂಟ್ ಕಿಯಾರಾ

ಇಳಿದುಕೊಂಡದ್ದು ಕ್ವಾಲಾಲಂಪುರದ ಈ ಬಡಾವಣೆಯ ಎತ್ತರದ ಕಟ್ಟಡವೊಂದರಲ್ಲಿ, ಅಪ್ಪನ ಸೋದರಸಂಬಂಧಿಯ ಮನೆಯಲ್ಲಿ. ಚಿಕ್ಕಪ್ಪ ಮಣಿಪಾಲದಲ್ಲಿ ಓದಿ ಇಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಅವರು ಮನೆಯಲ್ಲಿರುವುದು ಕಡಿಮೆ. ಚಿಕ್ಕಮ್ಮ ವೀಣಾ ಬೆಂಗಳೂರಿನವರು. ಮಗಳು ಅದಿತಿಗೆ ಹನ್ನೊಂದು ವರ್ಷ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ, ಸರಿಯಾಗಿಯೇ ಉತ್ತರಿಸುತ್ತಾಳೆ.

ಮೊದಲ ಬೆಳಿಗ್ಗೆಯೇ ಲಿಫ್ಟಿನೊಳಗೆ ಸಿಕ್ಕಿಕೊಂಡೆ. ಅಲ್ಲಿ ಪ್ರತಿ ಮನೆಗೂ ಒಂದು ಕಾರ್ಡು. ಅದನ್ನು ತೋರಿಸಿದರೆ ಲಿಫ್ಟು ನಿಮ್ಮ ಮಹಡಿಗೆ ಮಾತ್ರ ಹೋಗುತ್ತದೆ. ಕಾರ್ಡು ಮರೆತು ಒಳಹೊಕ್ಕವಳು ಗುಂಡಿಗಳನ್ನೆಲ್ಲ ಒತ್ತಿ, ಯಾವುದೂ ಬೆಳಗದೆ, ಮುಚ್ಚಿದ ಬಾಗಿಲಿನ ಹಿಂದೆ ಸುಮ್ಮನೆ ನಿಂತಿದ್ದೆ. ಕರೆಗಂಟೆ ಇತ್ತು. ಒತ್ತಲು ಸಂಕೋಚವಾಯಿತು. ಹತ್ತು ನಿಮಿಷದ ಮೇಲೆ ಬಾಗಿಲು ತೆರೆದಾಗ ಶಾಲೆಯ ಸಮವಸ್ತ್ರದಲ್ಲಿ ಅದಿತಿ ನಿಂತಿದ್ದಳು.

‘ಅಕ್ಕಾ, ಯೂ ಮಸ್ಟ್ ಟ್ಯಾಪ್ ಲಾ!’

‘ಗಂಟೆ ಒತ್ತೋದಲ್ವೇನೇ?’ ಎಂದರು ಹಿಂದಿನಿಂದ ಚಿಕ್ಕಮ್ಮ. ‘ನಾವ್ ಬರದೇ ಇದ್ದಿದ್ರೆ ಸಂಜೆ ತನಕ ಅಲ್ಲೇ ನಿಂತಿರ್ತಿದ್ದೆ, ಅಲ್ವಾ? ನಿಮ್ಮ ಮನೆಯವ್ರೆಲ್ಲ ಹೀಗೇನೇ. ಬಾಯಿ ಬಿಡಲ್ಲ.’

ಅವರು ತಮಾಷೆಗೆ ಹೇಳಿದ್ದು. ನನಗೆ ಮಾತ್ರ ಅದು ನಾಲ್ಕು ದಿನದ ಸಮ್ಮೇಳನದುದ್ದಕ್ಕೂ ನೆನಪಾಗುತ್ತಿತ್ತು.

ಆ ಇಪ್ಪತ್ತು ಅಂತಸ್ತಿನಲ್ಲಿ ತುಕ್ಕು ಹಿಡಿಯುವ ಒಂದು ಸರಳೂ ನನಗೆ ಕಾಣಲಿಲ್ಲ. ಎಲ್ಲ ಸ್ಟೇನ್‌ಲೆಸ್ ಸ್ಟೀಲು, ಗಾಜು, ಅಲ್ಯೂಮಿನಿಯಂ. ನಮ್ಮ ಗಂಗೊಳ್ಳಿಯ ಬಾಡಿಗೆಮನೆಯ ಕಿಟಕಿಗಳಿಗೆ ಕಬ್ಬಿಣದ ಸರಳು. ಮಳೆಗಾಲ ಮುಗಿದ ಕೂಡಲೇ ಅಜ್ಜಯ್ಯ ಅವನ್ನು ಕೆರೆದು ಕೆಂಪು ಪ್ರೈಮರ್ ಹಚ್ಚುತ್ತಿದ್ದ. ಮೊದಲು ಕಡಲ ಕಡೆಯ ಪಡುವಣ ಕಿಟಕಿಗಳು. ಮೂಡಣದವು ಆಮೇಲೆ, ಬಣ್ಣ ಉಳಿದರೆ. ಕೆರೆದ ಪುಡಿಯನ್ನು ಕಾಗದದಲ್ಲಿ ಹಿಡಿಯುವುದು ನನ್ನ ಕೆಲಸ. ನಾನು ತುಕ್ಕನ್ನು ಓದಲು ಆರಿಸಿಕೊಂಡದ್ದು ಅಲ್ಲಿಂದಲೇ ಇರಬೇಕು. ಸಂದರ್ಶನಗಳಲ್ಲಿ ಕೇಳಿದಾಗ ಬೇರೆ ಕಾರಣ ಹೇಳಿದ್ದೇನೆ.

ಹೊರಡುವ ಮೊದಲೇ ಕ್ಲಾಂಗಿನ ವಿಳಾಸಕ್ಕೆ ಕಾಗದ ಬರೆದಿದ್ದೆ. ಮಂಜಣ್ಣನ ಮಗಳು ವಾಟ್ಸಾಪಿನಲ್ಲಿ ಉತ್ತರಿಸಿದ್ದಳು: ‘ಅಪ್ಪಾ ಬರಲು ಹೇಳಿದ್ದಾರೆ. ಶನಿವಾರ ಹತ್ತು ಗಂಟೆಗೆ ಸ್ಟೇಷನ್ನಿನಲ್ಲಿ ಇರುತ್ತಾರೆ. ಅವರ ಬಳಿ ಫೋನಿಲ್ಲ.’

‘ಒಬ್ಳೇ ಟ್ರೈನಲ್ಲಿ ಯಾಕೆ? ಕಾರ್ ಬುಕ್ ಮಾಡ್ಕೊಡ್ತೀನಿ’ ಎಂದರು ಚಿಕ್ಕಮ್ಮ. ‘ಬರ್ತಾ ಊಟ ತಪಾವ್ ಮಾಡ್ಕೊಂಡು ಬಾ, ಸಾಕು.’ ತಪಾವ್ ಎಂದರೆ ಕಟ್ಟಿಸಿಕೊಂಡು ತರುವುದು. ಆ ಮನೆಯಲ್ಲಿ ಅಡುಗೆಗಿಂತ ಹೆಚ್ಚು ಬಾರಿ ಕೇಳುವ ಪದ. ರೈಲೇ ಸಾಕು ಎಂದೆ. ಕಾರಿನಲ್ಲಾದರೆ ಚಾಲಕ ಮಾತಾಡಿಸುತ್ತಾನೆ.

ಬ್ರಿಕ್‌ಫೀಲ್ಡ್ಸ್

ರೈಲು ಹತ್ತುವ ಮುನ್ನ ಹೂ ಕೊಳ್ಳಲು ಹೋದೆ. ನಿಲ್ದಾಣದ ಬೆನ್ನಿಗೇ ಇರುವ ಬೀದಿ ಅದು. ಸೀರೆಯಂಗಡಿ, ದಿನಸಿ, ಊದುಬತ್ತಿಯ ಹೊಗೆ. ಉಡುಪಿಯ ರಥಬೀದಿಗಿಂತ ಹೆಚ್ಚು ಕಿತ್ತಳೆ ಬಣ್ಣ, ಕಡಿಮೆ ದನ. ಹೂವಿನವಳು ತಮಿಳಿನಲ್ಲಿ, ‘ಎನ್ನ ವೇಣುಂ ತಂಗಚ್ಚಿ?’ ಎಂದಳು. ಬೆರಳಿನಲ್ಲಿ ಮಲ್ಲಿಗೆ ತೋರಿಸಿದೆ. ನಮ್ಮಲ್ಲಿ ಶಂಕರಪುರದ ಮಲ್ಲಿಗೆಯನ್ನು ಚೆಂಡಿನ ಲೆಕ್ಕದಲ್ಲಿ ಕೊಡುತ್ತಾರೆ. ಅವಳು ಮೊಣಕೈಯಿಂದ ಬೆರಳತುದಿಗೆ ಅಳೆದಳು. ಯಾರಿಗೆ ಎಂದು ಕೇಳಿದಳು. ನೋಡದ ಮನೆಗೆ, ಎಂದೆ ನನ್ನ ಹರುಕು ತಮಿಳಿನಲ್ಲಿ. ಅವಳು ಒಂದು ಕ್ಷಣ ಯೋಚಿಸಿ ಇನ್ನೊಂದು ಮೊಳ ಸೇರಿಸಿ, ಬಾಳೆಯೆಲೆಯಲ್ಲಿ ಸುತ್ತಿ ಕೊಟ್ಟಳು.

ತಪ್ಪು ರೈಲು

ಅಲ್ಲಿನ ರೈಲಿನಲ್ಲಿ ಹೆಂಗಸರಿಗೆ ಬೇರೆ ಬೋಗಿಯಿದೆ, ಬಾಗಿಲಿಗೆ ಗುಲಾಬಿ ಬಣ್ಣದ ಫಲಕ. ಆ ಬಣ್ಣ ಕಂಡ ನೆಮ್ಮದಿಯಲ್ಲಿ ರೈಲು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡದೆ ಹತ್ತಿದೆ. ಎದುರು ಕೂತ ಮಲಯ್ ಹೆಂಗಸು, ‘ಸುದಾ ಮಕಾನ್?’ ಎಂದಳು. ಮಕಾನ್ ಎಂದರೆ ಊಟ ಎಂದು ಅದಿತಿಯಿಂದ ಕಲಿತಿದ್ದೆ. ಊಟ ಆಯ್ತಾ ಎಂದು ಪರಿಚಯವಿಲ್ಲದವರನ್ನು ಕೇಳುವ ಮತ್ತೊಂದು ದೇಶ ಇದೆಯೆಂದು ನನಗೆ ಗೊತ್ತಿರಲಿಲ್ಲ. ಅಮ್ಮಮ್ಮನೂ ಹಾಗೆಯೇ. ಸಾವಿನ ಸುದ್ದಿ ತಂದವನನ್ನೂ ಮೊದಲು ‘ಉಂಡ್ಯಾ?’ ಎಂದು ಕೇಳುವವಳು.

ಆಯಿತು ಎಂದು ತಲೆಯಾಡಿಸಿದೆ. ಎಲ್ಲಿಗೆ ಎಂದಳು. ಕ್ಲಾಂಗ್ ಎಂದೆ. ಅವಳ ಮುಖ ಬದಲಾಯಿತು. ಬೆರಳು ಮಡಿಸಿ ಹೆಬ್ಬೆರಳಿನಿಂದ ನಾವು ಬಂದ ದಿಕ್ಕನ್ನು ತೋರಿಸಿದಳು. ಅಲ್ಲಿ ತೋರುಬೆರಳಿನಿಂದ ತೋರಿಸುವುದು ಮರ್ಯಾದೆಯಲ್ಲ. ಹೂವಿನಂಗಡಿಯಲ್ಲಿ ನಾನು ಮಾಡಿದ್ದು ಆಗ ನೆನಪಾಗಿ ನಾಚಿಕೆಯಾಯಿತು. ರೈಲು ದಕ್ಷಿಣಕ್ಕೆ ಹೋಗುತ್ತಿತ್ತು. ಕ್ಲಾಂಗ್ ಇರುವುದು ಪಶ್ಚಿಮಕ್ಕೆ, ಕಡಲಿನ ಕಡೆ.

ಮುಂದಿನ ನಿಲ್ದಾಣದಲ್ಲಿ ಇಳಿದು, ಹಿಂದಕ್ಕೆ ಬರುವ ರೈಲಿಗೆ ಕಾದು, ಮತ್ತೆ ಕ್ಲಾಂಗಿನ ರೈಲಿಗೆ ಕಾದು, ಮುಟ್ಟುವಷ್ಟರಲ್ಲಿ ಹನ್ನೊಂದೂವರೆ. ಮಗಳ ಫೋನು ಎತ್ತಲಿಲ್ಲ. ಅವರು ಮನೆಗೆ ಹೋಗಿರಬಹುದು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಹೋಗಿದ್ದರೆ ಒಳ್ಳೆಯದಿತ್ತು ಎಂದೂ ಒಂದು ಕ್ಷಣ ಅನ್ನಿಸಿತು.

ಕ್ಲಾಂಗ್

ಅವರು ಹೋಗಿರಲಿಲ್ಲ. ಪ್ಲಾಟ್‌ಫಾರಮ್ಮಿನ ಬೆಂಚಿನ ತುದಿಯಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಳೆಯುವ ಕಪ್ಪು ಬೂಟು, ಕೆಲಸದ ಸಂದರ್ಶನಕ್ಕೆ ಬಂದವರ ಹಾಗೆ ನೆಟ್ಟಗೆ ಕೂತಿದ್ದರು. ಎಪ್ಪತ್ತರ ಮೇಲಿನ ವಯಸ್ಸು. ನನ್ನನ್ನು ಕಂಡು ಎದ್ದರು.

‘ಶೀನಣ್ಣನ ಮೊಮ್ಮಗಳಲ್ದಾ? ಹಣೆ ಕಂಡ್ಕೂಡ್ಲೆ ಗೊತ್ತಾಯ್ತ್.’

ನಲವತ್ತು ವರ್ಷ ಊರು ಕಾಣದ ಬಾಯಲ್ಲಿ ಕುಂದಾಪುರದ ಕನ್ನಡ ಸ್ವಲ್ಪವೂ ಮಾಸಿರಲಿಲ್ಲ. ನಮ್ಮ ಕೇರಿಯ ಮಕ್ಕಳೂ ಈಗ ಹಾಗೆ ಮಾತಾಡುವುದಿಲ್ಲ. ತಡವಾದದ್ದಕ್ಕೆ ಕ್ಷಮೆ ಕೇಳಿ, ರೈಲು ತಪ್ಪಿ ಹತ್ತಿದ್ದನ್ನು ಹೇಳಿದೆ.

‘ಹಡಗ್ ಕಾದವ್ನಿಗೆ ರೈಲ್ ಎಂತ ಲೆಕ್ಕ ಮಗಾ?’ ಎಂದರು. ‘ನಿನ್ ಅಜ್ಜಯ್ಯನೂ ಹೀಂಗೇ. ನೀರಿನ್ ಮೇಲೆ ಕಣ್ ಮುಚ್ಚಿ ದಿಕ್ಕ್ ಹೇಳುವ. ನೆಲಕ್ಕಿಳದ್ರೆ ಮೂರ್ ಓಣಿ ತಿರ್ಗಿ ಅದೇ ಚಾದಂಗ್ಡಿ ಎದ್ರ್ ಬಂದ್ ನಿಲ್ಲುವ.’

ನಕ್ಕರು. ಅಜ್ಜಯ್ಯನ ಬಗ್ಗೆ ಯಾರೂ ನಗುತ್ತ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮನೆ ನಿಲ್ದಾಣಕ್ಕೆ ಹತ್ತಿರವೇ. ಸಾಲುಮನೆಗಳ ನಡುವೆ ಒಂದು, ಮುಂದೆ ಕಬ್ಬಿಣದ ಗೇಟು. ಅಭ್ಯಾಸದಿಂದ ಕೀಲುಗಳ ಸಂದಿ ನೋಡಿದೆ. ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ. ಹೆಂಡತಿ ಪಾರ್ವತಿಯಮ್ಮ ಅಲ್ಲಿಯೇ ಹುಟ್ಟಿ ಬೆಳೆದ ತಮಿಳರು. ಮಲ್ಲಿಗೆಯನ್ನು ಎರಡು ಭಾಗ ಮಾಡಿ ಒಂದನ್ನು ಮುರುಗನ ಪಟಕ್ಕೆ ಹಾಕಿ, ಇನ್ನೊಂದರಲ್ಲಿ ಅರ್ಧವನ್ನು ತಾವು ಮುಡಿದು, ಉಳಿದರ್ಧವನ್ನು ನನ್ನ ಜಡೆಗೇ ಸಿಕ್ಕಿಸಿದರು. ನಾನು ತಂದ ಹಪ್ಪಳ ಕರಿಯಲು ಒಳಗೆ ಹೋದರು. ಮಗಳು ಬಂದರಿನ ಸರಕು ಕಚೇರಿಯಲ್ಲಿ ಕೆಲಸಕ್ಕೆ ಹೋಗಿದ್ದಳು.

ಪುಸ್ತಕವನ್ನು ಮೇಜಿನ ಮೇಲಿಟ್ಟು ಫೋಟೊ ತೆಗೆದೆ. ಕೇಳಬೇಕಾದ್ದನ್ನು ಕೇಳಲು ನನಗೆ ಬಹಳ ಹೊತ್ತು ಬೇಕಾಯಿತು. ಕೊನೆಗೆ ಅಮ್ಮಮ್ಮನ ಮಾತನ್ನೇ ಹೇಳಿಬಿಟ್ಟೆ.

‘ಆ ಬಣ್ಣ ಎಲ್ಲಿಗೆ ಹೋಯಿತು ಎಂದು ಅಮ್ಮಮ್ಮ ಕೇಳಿದ್ದಾಳೆ.’

ಮಂಜಣ್ಣ ಫೋಟೊವನ್ನು ಮುಟ್ಟಲಿಲ್ಲ. ಬಗ್ಗಿ ನೋಡಿದರು. ‘ನಗು ಕಾಣ್ ನಂದು’ ಎಂದರು. ಆಮೇಲೆ ಹೇಳತೊಡಗಿದರು.

ಹಡಗಿನ ಕ್ರೇನು ಕೆಟ್ಟಿತ್ತು. ಬಿಡಿಭಾಗ ಬರುವವರೆಗೆ ಆ ದ್ವೀಪದಲ್ಲಿ ಕೆಲವು ದಿನ ಕಾಯಬೇಕಾಯಿತು. ಭಾನುವಾರ ಆರು ಜನ ನೆಲಕ್ಕಿಳಿದು ತಿರುಗಾಡಿದರು. ಕಡಲ ಹತ್ತಿರದ ಬಯಲಿನಲ್ಲಿ ಕಟ್ಟೆಯ ಮೇಲೆ ಇದು ಕಂಡಿತು. ಮೈಯೆಲ್ಲ ತುಕ್ಕು, ಕೈಯಿಟ್ಟರೆ ಪದರಪದರವಾಗಿ ಏಳುತ್ತಿತ್ತು. ಎದುರು ಇಂಗ್ಲಿಷಿನ ಫಲಕ.

‘ಆರ್ ಜನ್ರಗೆ ಶಾಲೆಗ್ ಹೋದವ ನಾನೊಬ್ನೆ. ಏಳ್ನೇ ಕ್ಲಾಸ್. ಎಂತ ಬರದಿತ್ ಮಂಜ, ಓದ್ ಕಾಂಬ ಅಂದ ಶೀನಣ್ಣ. ಯುದ್ಧ ಅಂಬುದ್ ತಿಳೀತ್, ಇಬ್ರ್ ಅಂಬುದ್ ತಿಳೀತ್. ಮತ್ತೆಂತ ತಿಳೀಲಿಲ್ಲೆ. ಬತ್ತಿಲ್ಲೆ ಅಂದ್ ಹೇಳೂಕ್ ಮರ್ಯಾದಿ ಬಿಡ್ಲಿಲ್ಲೆ. ಒಂದ್ ಕಥೆ ಕಟ್ಟಿದೆ. ಇಬ್ರ್ ಒಳಗ್ ಹೋದ್ರ್, ಮುಚ್ಚಳ ತೆಗೂಕ್ ಆಯ್ಲಿಲ್ಲೆ, ಅಲ್ಲೇ ಸತ್ರ್, ಹೆಣ ತೆಗಿಲೇ ಇಲ್ಲೆ ಅಂದೆ.’

ಒಳಗಿನಿಂದ ಎಣ್ಣೆಯಲ್ಲಿ ಹಪ್ಪಳ ಅರಳುವ ಸದ್ದು ಬರುತ್ತಿತ್ತು.

‘ಅವ್ರ್ ಹೆದ್ರಿ ಓಡ್ತ್ರ್ ಅಂದ್ಕಂಡದ್ದ್ ನಾನು. ಯಾರೂ ಓಡ್ಲಿಲ್ಲೆ. ಎಲ್ರೂ ಚಪ್ಲಿ ತೆಗದ್ರ್. ಶೀನಣ್ಣ ಕೈ ಇಟ್ಟ. ಆಗ ತೆಗದ ಫೋಟೊ ಇದು.’

ನನಗೆ ಮುಂದಿನದು ಅವರು ಹೇಳುವ ಮೊದಲೇ ಗೊತ್ತಾಯಿತು. ನಮ್ಮ ಕೇರಿಯಲ್ಲಿ ಸಾವು ಕಂಡ ದೋಣಿಯನ್ನು ಹಾಗೇ ಬಿಡುವುದಿಲ್ಲ. ನೀರಿನಿಂದ ಮೇಲೆಳೆದು, ಮೈ ಕೆರೆದು, ಎಣ್ಣೆ ಕುಡಿಸುತ್ತಾರೆ. ಸತ್ತವರ ಮನೆಯವರು ಇಲ್ಲದಿದ್ದರೆ ಹತ್ತಿರ ಇದ್ದವರು ಮಾಡಬೇಕು. ಮಾಡದಿದ್ದರೆ ಹೋದವರು ದೋಣಿಯಿಂದ ಇಳಿಯುವುದಿಲ್ಲ ಎಂದು ಹಿರಿಯರ ನಂಬಿಕೆ. ದೋಣಿ ಯಾರದು, ಯಾವ ಜಾತಿಯವರದು ಎಂದು ಆಗ ಕೇಳುವಂತಿಲ್ಲ.

ಮರುದಿನ ಬೆಳಗಾಗುತ್ತಲೇ ಅಜ್ಜಯ್ಯ ಮಂಜಣ್ಣನನ್ನು ಎಬ್ಬಿಸಿದ. ಅವನ ಕೈಯಲ್ಲಿ ತುಕ್ಕು ಕೆರೆಯುವ ಎರಡು ಸುತ್ತಿಗೆ, ತಂತಿಯ ಬ್ರಷ್ಷು, ಹಡಗಿನ ಉಗ್ರಾಣದಿಂದ ತೆಗೆದ ಕೆಂಪು ಪ್ರೈಮರಿನ ಡಬ್ಬ. ಕಬ್ಬಿಣಕ್ಕೆ ಎಣ್ಣೆ ಸಾಲದು ಎಂದನಂತೆ. ಹಡಗಿನಲ್ಲಿ ಅವನ ದಿನದ ಕೆಲಸವೇ ಅದು; ಹೇಗೆ ಮಾಡಬೇಕೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಅದು ಇನ್ನೊಂದು ದೇಶದವರು ಜೋಪಾನವಾಗಿ ಇಟ್ಟ ಸ್ಮಾರಕ, ಮುಟ್ಟಬಾರದು ಎಂಬುದನ್ನು ಹೇಳುವವರೂ ಇರಲಿಲ್ಲ.

‘ದಾರಿ ಮೇಲೆ ಹೇಳ್ಕ್ ಅಂದ್ಕಂಡೆ, ಶೀನಣ್ಣ, ನಾ ಹೇಳದ್ದ್ ಸುಳ್ಳ್ ಅಂದೇಳಿ. ಮೊದ್ಲನೇ ಪೆಟ್ಟ್ ಹೊಡಿಯು ಮೊದ್ಲ್ ಹೇಳ್ಕ್ ಅಂದ್ಕಂಡೆ. ಒಂದ್ ಬದಿ ಕೆರದ್ ಮುಗೀತ್, ಬಣ್ಣ ಬಳದೂ ಆಯ್ತ್. ಅಷ್ಟೊತ್ತಿಗ್ ಕಾವಲಿನವ್ರ ಜೀಪ್ ಬಂತ್.’

ಕ್ಯಾಪ್ಟನ್ನಿನ ಕೋಣೆಗೆ ಇಬ್ಬರನ್ನೂ ಕರೆಸಿದರು. ಕ್ಯಾಪ್ಟನ್ ಸಿಟ್ಟಿನಲ್ಲಿ ಫಲಕದಲ್ಲಿದ್ದದ್ದನ್ನು ಹಿಂದಿಯಲ್ಲಿ ಹೇಳಿದ. ಆ ಸಬ್‌ಮರೀನ್ ದಂಡೆಯ ಬಂಡೆಗೆ ಸಿಕ್ಕಿಕೊಂಡಿತ್ತು. ಒಳಗಿದ್ದ ಇಬ್ಬರೂ ಜೀವಂತವಾಗಿ ಹೊರಬಂದು ಸೆರೆಯಾಗಿದ್ದರು. ಯುದ್ಧ ಮುಗಿದ ಮೇಲೆ ತಮ್ಮ ಮನೆಗೆ ಹೋದರು.

‘ಶೀನಣ್ಣ ನನ್ ಮೋರಿ ಕಂಡ. ಒಂದೇ ಸಲ. ಮತ್ತೆ ಕ್ಯಾಪ್ಟನ್ನಿಗ್ ಹೇಳ್ದ, ಬಣ್ಣ ತೆಗದವ ನಾನು, ಇವ್ನ್ ನಾ ಹೇಳದ್ ಕೇಣ್ದವ ಅಷ್ಟೆ ಅಂದೇಳಿ. ಎಂತಕ್ಕೆ ಮಾಡದ್ದ್ ಅಂದ್ ಕೇಣ್ರ್. ಬಾಯಿ ಬಿಡ್ಲಿಲ್ಲೆ. ಬಿಟ್ರೆ ನನ್ ಹೆಸ್ರ್ ಬತ್ತಿತ್ತಲೆ.’

‘ನೀವು?’ ಎಂದೆ.

‘ನಾನೂ ಬಾಯಿ ಬಿಡ್ಲಿಲ್ಲೆ.’

ಎದ್ದು ಒಳಗೆ ಹೋಗಿ ಒಂದು ಪುಸ್ತಕ ತಂದರು. ಅದೇ ನೀಲಿ ರಟ್ಟು. ಬೇಕಾದ ಪುಟ ತಾನಾಗಿಯೇ ತೆರೆದುಕೊಂಡಿತು. ಅದೇ ಹಡಗು, ಅದೇ ಪಯಣ, ಅದೇ ಕ್ಯಾಪ್ಟನ್ನಿನ ಸಹಿ. ‘ವೆರಿ ಗುಡ್’. ಎರಡು ಪುಸ್ತಕಗಳನ್ನೂ ಅಕ್ಕಪಕ್ಕ ಇಟ್ಟು ನಾವಿಬ್ಬರೂ ನೋಡುತ್ತ ಕೂತೆವು.

‘ಇಲ್ಲೇ, ಕ್ಲಾಂಗಿನಗೆ ಅವನ್ನ ಇಳ್ಸಿ ಊರಿಗ್ ಕಳ್ಸಿದ್ರ್. ಅಲ್ಲಿವರಿಗೂ ದಿನಾ ತನ್ ಪಾಲಿನ್ ಮೀನಗೆ ಒಂದ್ ತುಂಡ್ ನನ್ ಬಟ್ಲಿಗ್ ಹಾಕ್ತಿದ್ದ, ಮೊದ್ಲಿನ್ ಹಾಂಗೇ. ಒಂದ್ ಮಾತ್ ಬೈಲಿಲ್ಲೆ. ಬೈದಿದ್ರೆ ನಾ ಊರಿಗ್ ಹ್ವಾತಿದ್ದೆ ಮಗಾ. ಮುಂದಿನ್ ವರ್ಷ ಹಡಗ್ ಇಲ್ಲಿಗ್ ಬಂದಾಗ ಇಳದವ ಮತ್ತೆ ಹತ್ಲಿಲ್ಲೆ. ಯಾವ ಮೋರಿ ಹೊತ್ಕಂಡ್ ಆ ಕೇರಿಗ್ ಹ್ವಾಪುದು?’

ಪಾರ್ವತಿಯಮ್ಮ ಹಪ್ಪಳದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅವರಿಗೆ ಕನ್ನಡ ಬರುವುದಿಲ್ಲ. ಗಂಡ ಇಷ್ಟು ಹೊತ್ತು ಆ ಭಾಷೆಯಲ್ಲಿ ಮಾತಾಡಿದ್ದನ್ನು ಅವರು ಬಹುಶಃ ಮೊದಲ ಬಾರಿ ಕೇಳುತ್ತಿದ್ದರು.

‘ಅತ್ತಿಗೆಗೆ ನೀನೇ ಹೇಳ್’ ಎಂದರು ಮಂಜಣ್ಣ.

ಬೇರೆ ದಿನವಾಗಿದ್ದರೆ ನಾನು ಹೂಂ ಎನ್ನುತ್ತಿದ್ದೆ. ಒಬ್ಬರ ಮಾತನ್ನು ಮತ್ತೊಬ್ಬರಿಗೆ ಶುದ್ಧವಾಗಿ, ಭಾವವಿಲ್ಲದೆ ಮುಟ್ಟಿಸುವುದು ನನಗೆ ಸುಲಭ. ಮೇಜಿನ ಮೇಲಿನ ಎರಡು ಮುದ್ರೆಗಳನ್ನು ಮತ್ತೊಮ್ಮೆ ನೋಡಿದೆ.

‘ಇಲ್ಲ ಅಜ್ಜಾ. ನೀವೇ ಹೇಳಬೇಕು.’

ನನ್ನ ದನಿ ನನಗೇ ಗಡುಸಾಗಿ ಕೇಳಿತು. ಅವರು ಅಡ್ಡಮಾತಾಡಲಿಲ್ಲ. ಊರಿನಲ್ಲಿ ಆಗ ಹತ್ತೂವರೆ ಗಂಟೆ, ಅಮ್ಮಮ್ಮ ಗಂಜಿ ಉಂಡು ಜಗಲಿಯಲ್ಲಿ ಕೂರುವ ಹೊತ್ತು. ಕರೆ ಮಾಡಿ, ಸ್ಪೀಕರ್ ಹಾಕಿ, ಫೋನನ್ನು ಎರಡು ಪುಸ್ತಕಗಳ ನಡುವೆ ಇಟ್ಟೆ.

‘ಅತ್ತಿಗೆ, ನಾ ಮಂಜ.’

‘ಯಾವ್ ಮಂಜ?’

‘ಶೀನಣ್ಣನ ಒಟ್ಟಿಗ್ ಹಡಗಗ್ ಇದ್ದ ಮಂಜ.’

‘ಅಯ್ಯೋ, ನಮ್ ಮಂಜನಾ? ಬದ್ಕಿದ್ಯಾ ಮಾರಾಯಾ! ಉಂಡ್ಯಾ?’

ಅವರು ಕೈಯಿಂದ ಬಾಯಿ ಮುಚ್ಚಿಕೊಂಡರು. ಪಾರ್ವತಿಯಮ್ಮ ತಟ್ಟೆ ಕೆಳಗಿಟ್ಟು ಅವರ ಹಿಂದೆ ಬಂದು ನಿಂತರು. ಸ್ವಲ್ಪ ಹೊತ್ತಿನ ಮೇಲೆ ಮಂಜಣ್ಣ ಎಲ್ಲವನ್ನೂ ಹೇಳಿದರು; ನನಗೆ ಹೇಳಿದ್ದಕ್ಕಿಂತ ಚಿಕ್ಕದಾಗಿ, ತನ್ನ ತಪ್ಪಿನ ಜಾಗದಲ್ಲಿ ಮಾತ್ರ ಏನನ್ನೂ ಬಿಡದೆ. ‘ನಾ ಸುಳ್ಳ್ ಹೇಳದ್ದ್ ಅತ್ತಿಗೆ. ಅವ್ನ್ ಕದೀಲಿಲ್ಲೆ. ಆ ಸತ್ತವ್ರಿಗೆ ಅಂದೇಳಿ ಬಳದದ್ದ್. ಸತ್ತವ್ರ್ ಯಾರೂ ಇರ್ಲಿಲ್ಲೆ.’

ಸಂಪರ್ಕ ಕಡಿಯಿತೇ ಎಂದು ಪರದೆ ನೋಡಿದೆ. ಸೆಕೆಂಡುಗಳು ಓಡುತ್ತಿದ್ದವು. ದೂರದಲ್ಲಿ ಒಂದು ಕಾಗೆ, ನಮ್ಮ ಗಂಗೊಳ್ಳಿಯ ಮನೆಯ ಕಾಗೆ, ಕೂಗಿತು.

‘ಮಂಜ.’

‘ಹ್ವಾಯ್.’

‘ಪೂರ್ತಿ ಬಳದ್ ಆಯ್ತಾ ಅವ್ರಿಗೆ?’

‘ಇಲ್ಲೆ ಅತ್ತಿಗೆ. ಒಂದೇ ಬದಿ.’

‘ಯಾವ್ ಬದಿ?’

ಮಂಜಣ್ಣ ಕಣ್ಣು ಮುಚ್ಚಿದರು. ಆ ಬಯಲನ್ನು ಮನಸ್ಸಿನಲ್ಲೇ ಒಮ್ಮೆ ಸುತ್ತಿ ಬಂದಿರಬೇಕು. ‘ಕಡಲ್ ಬದಿ’ ಎಂದರು.

‘ಹಾಂಗಾರೆ ಸಮ’ ಎಂದಳು ಅಮ್ಮಮ್ಮ. ‘ಉಪ್ಪುಗಾಳಿ ಬಪ್ಪುದ್ ಆ ಬದಿಂದ್ಲೇ.’

ನಾನು ಇನ್ನೇನು ಫೋನಿಗೆ ಕೈ ಚಾಚಬೇಕು, ಅಷ್ಟರಲ್ಲಿ ಅವಳ ದನಿ ಬಂತು. ಸಿಟ್ಟಿರಲಿಲ್ಲ, ಕೆಲಸವನ್ನು ಅರ್ಧಕ್ಕೆ ಬಿಟ್ಟ ಮನೆಯ ಮಗನಿಗೆ ಹೇಳುವ ದನಿ.

‘ಇನ್ನೊಂದ್ ಬದಿ ನೀ ಬಳೀಕಿತ್ತ್ ಮಂಜ.’

‘ಹೌದ್ ಅತ್ತಿಗೆ’ ಎಂದರು ಮಂಜಣ್ಣ.